ಕಿಡಕಿ ಮುಚ್ಚಿದ ಮನೆಯ ಕೆಮ್ಮು

ನಿಮ್ಮ ಮನೆಯಲ್ಲಿ ಹೀಗಾಗಿದೆಯೇನ್ರಿ? ಮನೆಯೊಳಗೆ ಇರುವಷ್ಟು ಹೊತ್ತು ಒಬ್ಬರಿಗೆ ಕೆಮ್ಮು, ಸೀನು, ಕಣ್ಣುರಿ, ಎದೆಯಲ್ಲಿ ಸಣ್ಣ ಸೀಟಿ. ಅದೇ ಮನುಷ್ಯ ಬೇರೆಯವರ ಮನೆಗೆ ಹೋಗಿ ನಾಲ್ಕು ದಿನ ಇದ್ದರೆ ಕೆಮ್ಮು ಎಲ್ಲಿ ಹೋಯಿತು ಅಂತ ಹುಡುಕಬೇಕು. ಆಗಿದ್ದರೆ ಮುಂದೆ ಓದಿ. ಆಗಿಲ್ಲ ಅನ್ನುವವರೂ ಓದಿ. ನಿಮ್ಮ ಅಲಮಾರಿಯ ಬೆನ್ನ ಹಿಂದೆ ಏನಿದೆ ಅಂತ ನೀವು ನೋಡಿ ಎಷ್ಟು ಕಾಲವಾಯಿತು?

ನಮ್ಮ ಮನೆಯಲ್ಲಿ ಕೆಮ್ಮುವವರು ನನ್ನ ಗಂಡ. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದರೆ ಕೆಮ್ಮು. ಜೋಳ ಬೀಸಿಕೊಂಡು ಬರ್ರಿ ಅಂದರೆ ಕೆಮ್ಮು. ಕುಸನೂರಿನಲ್ಲಿರುವ ಅವರ ತಮ್ಮನ ಮನೆಗೆ ಹೋದರೆ ಮಾತ್ರ ಗಂಟಲು ನೆಟ್ಟಗೆ. ಅಲ್ಲಿ ಮಿರ್ಚಿ ಭಜಿ ತಿನ್ನುತ್ತಾರೆ, ತಾಸುಗಟ್ಟಲೆ ಹರಟೆ ಹೊಡೆಯುತ್ತಾರೆ, ಒಂದು ಸಲವೂ ಕೆಮ್ಮುವುದಿಲ್ಲ. ನನಗೆ ಅನುಮಾನ ಬರಲು ಹೆಚ್ಚಿನ ಕಾರಣ ಬೇಕಾಗುವುದಿಲ್ಲ. ಇಷ್ಟು ಸಾಕಾಯಿತು.

"ನನ್ನ ಮಾರಿ ಕಂಡ್ರ ಕೆಮ್ಮು ಬರತದೇನ್ರಿ ನಿಮಗ?" ಅಂತ ಕೇಳಿದೆ.

"ನಿನ್ನ ಮಾರಿ ನೋಡಕೋತ ಮುದುಕ ಆಗಾಕತ್ತೀನಿ. ಇಷ್ಟ ವರ್ಷ ಬರಲಾರದ್ದು ಈಗ್ಯಾಕ ಬರತದ?" ಅಂದರು, ಮಾತಿನ ನಡುವೆಯೇ ಕೆಮ್ಮಿ.

ಮೊನ್ನೆ ನನ್ನ ಕಿವಿಯೋಲೆಯ ತಿರುಪು ಜಾರಿ ಮಲಗುವ ಖೋಲಿಯ ಅಲಮಾರಿ ಕೆಳಗೆ ಉರುಳಿತು. ಗಂಡನನ್ನು ಕರೆದು ಇಬ್ಬರೂ ಸೇರಿ ಅಲಮಾರಿ ಸರಿಸಿದೆವು. ಆ ಅಲಮಾರಿ ಅಲ್ಲಿ ಯಾಕಿತ್ತು ಅಂದರೆ, ಅದರ ಹಿಂದೆ ಒಂದು ಕಿಡಕಿ ಇದೆ. ಪಕ್ಕದ ಜಾಗದಲ್ಲಿ ಹೊಸದಾಗಿ ಮನೆ ಕಟ್ಟಿಸಿದವರು ತಮ್ಮ ಅಡುಗೆಮನೆಯ ಕಿಡಕಿಯನ್ನು ಸರಿಯಾಗಿ ನಮ್ಮ ಕಿಡಕಿಗೆ ಎದುರಾಗಿ ಇಟ್ಟರು. ಆ ಮನೆಯಾಕೆ ಮುಸುರೆ ತಿಕ್ಕುವಾಗ ನಾವು ಜಗಳ ಶುರುಮಾಡಿದರೆ ಪಾತ್ರೆ ಸಪ್ಪಳ ನಿಲ್ಲುತ್ತಿತ್ತು. ನಾವು ಸುಮ್ಮನಾದರೆ ಮತ್ತೆ ಶುರುವಾಗುತ್ತಿತ್ತು. ಇದನ್ನು ನಾನು ಚೆನ್ನಾಗಿ ಗಮನಿಸಿದ್ದೆ. ಆಮೇಲೆ ಕಿಡಕಿ ಹಾಕಿ, ಚಿಲಕ ಜಡಿದು, ಅಲಮಾರಿ ಅಡ್ಡ ಇಟ್ಟೆ.

ಈಗ ಅಲಮಾರಿ ಸರಿಯಿತು. ತಿರುಪು ಸಿಗಲಿಲ್ಲ. ಸಿಕ್ಕಿದ್ದು ವಾಸನೆ.

ಹಸಿ ಗೋಣಿಚೀಲದಲ್ಲಿ ಹಳೆ ರೊಟ್ಟಿ ಕಟ್ಟಿಟ್ಟಂಥ ವಾಸನೆ. ಗೋಡೆಯ ಕೆಳಗಿನಿಂದ ಕಿಡಕಿಯ ಚೌಕಟ್ಟಿನ ತನಕ ಕರಿ ಚುಕ್ಕೆಗಳು, ಅಂಚಿಗೆ ಹಸಿರು ಛಾಯೆ, ನಡುವೆ ನವಿರಾದ ಬಿಳಿ ತುಪ್ಪಳ. ಪುಸ್ತಕದಲ್ಲಿ ಬೂಷ್ಟು ಅನ್ನುತ್ತಾರೆ, ನಮ್ಮ ಕಡೆ ಬೂಸರ. ಗಂಡ ಬಗ್ಗಿ ನೋಡಿದರು, ಕೆಮ್ಮಿದರು, ನನ್ನ ಮುಖ ನೋಡಿದರು. ಬೈದಿದ್ದರೇ ಒಳ್ಳೆಯದಿತ್ತು.

ಆ ವಾಸನೆ ನನಗೆ ಗೊತ್ತಿತ್ತು. ಕಮಲಾಪುರದಲ್ಲಿ ನಮ್ಮ ಅಪ್ಪನ ಮನೆಯಲ್ಲಿ ಮಳೆ ಹಿಡಿದಾಗ ಆಯಿ, ಅಂದರೆ ಅಪ್ಪನ ತಾಯಿ, ನಮ್ಮನ್ನೆಲ್ಲ ನಡುವಿನ ಖೋಲಿಗೆ ಕರೆದೊಯ್ದು ಗೋಡೆ ಮೂಸಲು ಹಚ್ಚುತ್ತಿದ್ದಳು. ಬೇರೆ ಮಕ್ಕಳ ಅಜ್ಜಿಯಂದಿರು ಉಂಡಿ ಕೊಡುತ್ತಿದ್ದರು. ನಮ್ಮಾಯಿ ಗೋಡೆ ಕೊಡುತ್ತಿದ್ದಳು. "ಮೂಗ ಹಚ್ಚಿ ನೋಡ್ರಿ. ಹಸಿ ವಾಸ್ನಿ ಬರತದೇನ?" ಬರುತ್ತದೆ ಅಂದರೆ ಆ ಮೂಲೆಯ ಸಾಮಾನು ಆವತ್ತೇ ಅಂಗಳಕ್ಕೆ ಬರುತ್ತಿತ್ತು. ಬರುವುದಿಲ್ಲ ಅಂದರೆ ಅವಳು ನಂಬದೆ ತಾನೇ ಮೂಸುತ್ತಿದ್ದಳು.

ಯಾರ ಮನೆಗೆ ಹೋದರೂ ಅಷ್ಟೆ. ಮೊದಲು ಗೋಡೆಗೆ ಅಂಗೈ ಹಚ್ಚುವಳು, ಆಮೇಲೆ ಕೂಡುವಳು. ನನ್ನ ಮದುವೆಯ ಮಾತಿಗೆ ಇದೇ ಖೂಬಾ ಪ್ಲಾಟಿನ ಮನೆಗೆ ಬಂದಾಗ ಎಲ್ಲರೂ ಹುಡುಗನನ್ನು ನೋಡುತ್ತಿದ್ದರು, ಆಯಿ ಎದ್ದು ಒಳಗಿನ ಖೋಲಿಗೆ ಹೋದಳು. ನಮ್ಮತ್ತೆ ಗಾಬರಿಯಾಗಿ ಹಿಂದೆಯೇ ಹೋದರು. ಹೊರಗೆ ಬಂದು ಆಯಿ ತೀರ್ಪು ಕೊಟ್ಟಳು: "ಹುಡುಗ ಛಲೋ ಅದಾನ. ಗ್ವಾಡಿ ಹಸಿ ಅದ. ಆ ಕಿಡಕಿ ಯಾವತ್ತೂ ಮುಚ್ಚಬ್ಯಾಡ್ರಿ."

ನನಗೆ ಆಗ ನಾಚಿಕೆಯಿಂದ ಸತ್ತುಹೋಗುವಂತಾಗಿತ್ತು. ಹುಡುಗನ ಬಗ್ಗೆ ಹೇಳಿದ್ದನ್ನು ನೆನಪಿಟ್ಟುಕೊಂಡೆ, ಗೋಡೆಯ ಬಗ್ಗೆ ಹೇಳಿದ್ದನ್ನು ಬಿಟ್ಟೆ.

ಆಯಿಗೆ ಈ ಗೋಡೆಯ ಹುಚ್ಚು ಹತ್ತಿದ್ದಕ್ಕೆ ಕಾರಣವಿತ್ತು. ಒಂದು ಗೋಡೆಯ ದೆಸೆಯಿಂದ ಅವಳು ಗಂಡನ ಮನೆಯಿಂದ ಹೊರಬೀಳುವ ಹಾಗಾಗಿತ್ತು. ಇದನ್ನು ಅವಳ ಬಾಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಸ್ವಲ್ಪ ಬೇರೆಯಾಗಿ ಹೇಳುತ್ತಿದ್ದಳು, ಹಾಗಾಗಿ ನನಗೆ ಅವಳ ಮೇಲೂ ಅನುಮಾನವೇ. ಆದರೂ ಹೇಳುತ್ತೇನೆ.

ಆಯಿ ತಾಜಸುಲ್ತಾನಪುರದ ಹುಡುಗಿ. ಮದುವೆಯಾಗಿ ಕಮಲಾಪುರಕ್ಕೆ ಬಂದಾಗ ಪೊಲೀಸ್ ಆ್ಯಕ್ಷನ್ ಮುಗಿದಿತ್ತು. ನಿಜಾಮನ ಆಳ್ವಿಕೆ ಹೋಗಿತ್ತು, ಹೈದರಾಬಾದ್ ರಾಜ್ಯ ಅನ್ನುವ ಹೆಸರು ಮಾತ್ರ ಇನ್ನೂ ಇತ್ತು. ಊರಲ್ಲಿ ಜನ ಮೆಲ್ಲಗೆ ಮಾತಾಡುವ ರೂಢಿ ಬಿಟ್ಟಿರಲಿಲ್ಲ. ಮನೆಯಲ್ಲಿ ಅವಳ ಗಂಡ, ಅಂದರೆ ನಮ್ಮಜ್ಜ, ಹೊಲಕ್ಕೆ ಹೋದರೆ ಹೊಲ, ಮನೆಗೆ ಬಂದರೆ ಮೌನ. ಆಡಳಿತವೆಲ್ಲ ಅತ್ತೆಯದು. ಆ ಅತ್ತೆಯನ್ನು ನಾವು ದೊಡ್ಡಾಯಿ ಅನ್ನುತ್ತೇವೆ. ನಾನು ನೋಡಿಲ್ಲ. ಆದರೆ ಮನೆಯಲ್ಲಿ ಯಾರಾದರೂ ಬಾಗಿಲ ಸಂದಿಯಿಂದ ಹಣಿಕಿ ಹಾಕಿದರೆ "ದೊಡ್ಡಾಯಿ ಬಂದಳು" ಅನ್ನುವ ಮಾತು ಇಂದಿಗೂ ಇದೆ. ಹೆಚ್ಚಾಗಿ ಅದು ನನಗೇ ಬೀಳುತ್ತದೆ.

ಮನೆ ಕಲ್ಲು ಮಣ್ಣಿನದು, ಮೇಲೆ ಮಣ್ಣಿನ ಮಾಳಿಗೆ. ನಡುವಿನ ಖೋಲಿಗೆ ಒಂದೇ ಕಿಡಕಿ, ಹಿಂದಿನ ಸಂದಿಯ ಕಡೆಗೆ. ಸಂದಿಯ ಆಚೆ ಬಳೆ ಮಾರುವವರ ಮನೆ. ಆ ಮನೆಯ ಜೈನಬಿಯ ಕಿಡಕಿಯೂ ಅದೇ ಸಂದಿಗೆ ತೆರೆಯುತ್ತಿತ್ತು. ಒಳ್ಳೆಯ ದಿನಗಳಲ್ಲಿ ಈ ಕಿಡಕಿಯಿಂದ ಆ ಕಿಡಕಿಗೆ ಒಲೆಯ ಕೆಂಡ, ಮಜ್ಜಿಗೆ, ಹುಣಸೆಹಣ್ಣು, ಊರಿನ ಸುದ್ದಿ ಎಲ್ಲ ಹೋಗಿ ಬರುತ್ತಿದ್ದವಂತೆ.

ಅದಕ್ಕೂ ಮೊದಲು, ನಿಜಾಮನ ಪರವಾಗಿ ಹೊಡೆದಾಡುತ್ತಿದ್ದ ರಜಾಕಾರರ ಗದ್ದಲದ ದಿನಗಳಲ್ಲಿ ದೊಡ್ಡಾಯಿ ಆ ಕಿಡಕಿಯನ್ನು ಕಲ್ಲು, ಕೆಸರಿನಿಂದ ತುಂಬಿಸಿದಳು. ಮೇಲೆ ಸೆಗಣಿ ಬಳಿದು, ಅಲ್ಲಿ ಕಿಡಕಿ ಇತ್ತೆಂಬ ಗುರುತೇ ಇಲ್ಲದ ಹಾಗೆ ಮಾಡಿದಳು. ಒಳಗಡೆ ಜೋಳದ ಚೀಲ ಒಟ್ಟಿದಳು. ಆಗ ಅಂಜಿಕೆ ನಮ್ಮ ಮನೆಯಲ್ಲಿತ್ತು. ಪೊಲೀಸ್ ಆ್ಯಕ್ಷನ್ ಆದಮೇಲೆ ಅಂಜಿಕೆ ಸಂದಿ ದಾಟಿ ಜೈನಬಿಯ ಮನೆಗೆ ಹೋಯಿತು. ಅವಳೂ ತನ್ನ ಕಿಡಕಿಯ ಬಾಗಿಲು ಹಾಕಿ ಒಳಗಿನಿಂದ ಹಲಗೆ ಹೊಡೆಸಿದಳು. ಗದ್ದಲ ತಣ್ಣಗಾಯಿತು. ಕಿಡಕಿ ತೆಗೆಯುವ ಮಾತನ್ನು ಯಾರೂ ಎತ್ತಲಿಲ್ಲ. ಅವರು ತೆಗೆಯಲಿ ಅಂತ ಇವರು, ಇವರು ತೆಗೆಯಲಿ ಅಂತ ಅವರು.

ಆಯಿಗೆ ಮಲಗಲು ಕೊಟ್ಟದ್ದು ಅದೇ ಖೋಲಿ.

ಮಳೆ ಹಿಡಿಯಿತು. ಗೋಡೆ ಬೆವರಿತು. ಕರಿ ಮಚ್ಚೆಗಳು ಎದ್ದವು. ದೊಡ್ಡಾಯಿ ಮಚ್ಚೆ ಕಂಡಾಗಲೆಲ್ಲ ಹಸಿ ಸೆಗಣಿ ಬಳಿಯುತ್ತಿದ್ದಳು. ಮನೆ ಸ್ವಚ್ಛವಾಯಿತು ಅನ್ನುವುದು ಅವಳ ಲೆಕ್ಕ. ಮೊದಲೇ ಹಸಿಯಾದ ಗೋಡೆಗೆ ಮತ್ತಷ್ಟು ಹಸಿ. ಬೂಸರಕ್ಕೆ ಊಟ ಬಡಿಸಿದ ಹಾಗೆ. ನಗಬೇಡಿ. ಹೋದ ದೀಪಾವಳಿಗೆ ನಾನು ನಮ್ಮ ಅಲಮಾರಿ ಗೋಡೆಯ ಆಚೆ ತುದಿಯಲ್ಲಿ ಒಂದು ಮಚ್ಚೆ ಕಂಡು ಅದರ ಮೇಲೆ ದುಬಾರಿ ಪೇಂಟ್ ಹೊಡೆಸಿದ್ದೆ. ಸೆಗಣಿಯೇ ವಾಸಿ, ಅಗ್ಗದ್ದಾದರೂ ಹೌದು.

ಆಯಿಗೆ ಮೊದಲು ಸೀನು, ಆಮೇಲೆ ಕೆಮ್ಮು, ಆಮೇಲೆ ಉಸಿರು ಎಳೆದರೆ ಒಳಗೆ ಬೆಕ್ಕಿನ ಮರಿ ಕೂಗಿದಂತೆ ಸದ್ದು. ದೊಡ್ಡಾಯಿಗೆ ಬಂದ ಮೊದಲ ಅನುಮಾನ ಬೀಗರ ಮೇಲೆ. "ದಮ್ಮಿನ ಹುಡುಗಿನ ಮುಚ್ಚಿ ಕೊಟ್ಟಾರ." ಎರಡನೆಯದು ಕ್ಷಯದ ಮೇಲೆ. ಆಯಿ ಉಣ್ಣುವ ಗಂಗಾಳ, ನೀರು ಕುಡಿಯುವ ಚರಿಗೆ ಬೇರೆಯಾದವು.

ಅಷ್ಟರಲ್ಲಿ ಪಂಚಮಿ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕಲ್ಲ. ಅಣ್ಣ ಬಂದು ಕರೆದುಕೊಂಡು ಹೋದ. ತಾಜಸುಲ್ತಾನಪುರದ ಮನೆಯಲ್ಲಿ ಗಾಳಿಯಾಡುವ ಪಡಸಾಲೆಯಲ್ಲಿ ಮಲಗಿ, ಜೋಕಾಲಿ ಜೀಕಿ, ಅಳ್ಳಿಟ್ಟು ತಿಂದು ಆಯಿ ಗುಂಡಗಾದಳು. ಕೆಮ್ಮು ಹೋಯಿತು. ಕಮಲಾಪುರಕ್ಕೆ ಬಂದು ಆ ಖೋಲಿಯಲ್ಲಿ ಮಲಗಿದಳು, ಕೆಮ್ಮು ಬಂತು.

ಈಗ ದೊಡ್ಡಾಯಿಗೆ ಎಲ್ಲಕ್ಕಿಂತ ಗಟ್ಟಿಯಾದ ಅನುಮಾನ ಸಿಕ್ಕಿತು.

"ತವರಮನ್ಯಾಗ ಇಲ್ಲ, ನನ್ನ ಮನ್ಯಾಗ ಅದ. ಇದೆಂಥಾ ಜಡ್ಡು? ಇದು ಜಡ್ಡಲ್ಲ, ಆಟ."

"ಆಟ ಆಡಾಕ ನನಗೇನ ಹುಚ್ಚ ಹಿಡದದೇನ್ರಿ ಅತ್ತಿ? ಉಸರ ಸಿಗವಲ್ತು."

"ಮಾತಾಡಾಕ ಸಿಗತದ?"

ಇದನ್ನು ಹೇಳುವಾಗ ಆಯಿ ಪ್ರತಿ ಸಲವೂ ನಗುತ್ತಿದ್ದಳು. ನನಗೆ ಮಾತ್ರ ಈಗ ನಗು ಬರುವುದಿಲ್ಲ. "ನನ್ನ ಮಾರಿ ಕಂಡ್ರ ಕೆಮ್ಮು ಬರತದೇನ್ರಿ" ಅಂದದ್ದು ನೆನಪಾಗುತ್ತದೆ. ರಕ್ತ ಅನ್ನುವುದು ಎಲ್ಲಿ ಹೋಗುತ್ತದೆ.

ಕೊನೆಗೆ ಅಜ್ಜ ಬಾಯಿಬಿಟ್ಟ. ಗಾಡಿ ಕಟ್ಟಿ ಹೆಂಡತಿಯನ್ನೂ ತಾಯಿಯನ್ನೂ ಕಲಬುರಗಿಗೆ ಕರೆದುಕೊಂಡು ಬಂದು ಒಬ್ಬ ಹಕೀಮರಿಗೆ ತೋರಿಸಿದ. ಹಕೀಮರು ನಾಡಿ ಹಿಡಿದರು, ಬೆನ್ನಿಗೆ ಕಿವಿ ಹಚ್ಚಿ ಕೇಳಿದರು. ಕ್ಷಯದ ಲಕ್ಷಣ ಕಾಣುವುದಿಲ್ಲ ಅಂದರು. ಕುಡಿಯಲು ಕಷಾಯ ಕೊಟ್ಟು, "ಮಲಗೋ ಖೋಲಿಗಿ ಹವಾ ಬೇಕಮ್ಮಾ. ಖಿಡಕಿ ಬಂದ್ ಇದ್ರ ಖೋಲ್ರಿ," ಅಂದರು.

ಗಾಡಿ ಊರ ದಾರಿ ಹಿಡಿದ ಮೇಲೆ ದೊಡ್ಡಾಯಿ ಮಗನನ್ನು ಹಿಡಿದಳು.

"ನಮ್ಮ ಮನ್ಯಾಗ ಕಿಡಕಿ ಬಂದ ಅದ ಅಂತ ಅವಗ ಯಾರ ಹೇಳ್ಯಾರ?"

"ಯಾರೂ ಹೇಳಿಲ್ಲವ್ವ. ಸುಮ್ಮ ಅಂದಾರ."

"ಸುಮ್ಮ ಯಾರೂ ಅನ್ನಂಗಿಲ್ಲ. ಜೈನಬಿ ಹೇಳಿ ಕಳಿಸ್ಯಾಳ. ಇಬ್ಬರೂ ಒಂದೇ. ಕಿಡಕಿ ತೆಗಸಾಕ ನೋಡಾಕತ್ತಾರ."

ಕಮಲಾಪುರದ ಬಳೆಗಾರರ ಹೆಂಗಸು ಕಲಬುರಗಿಯ ಹಕೀಮರಿಗೆ ಯಾವಾಗ, ಹೇಗೆ ಹೇಳಿ ಕಳಿಸಿದಳು ಅಂತ ಅಜ್ಜ ಕೇಳಲಿಲ್ಲ. ಎತ್ತಿನ ಬಾಲ ನೋಡುತ್ತ ಗಾಡಿ ಹೊಡೆದ. ನಮ್ಮ ಮನೆಯ ಗಂಡಸರ ಜಾಣತನ ಇದು. ನನ್ನ ಗಂಡನೂ ಹೀಗೆಯೇ. ಈ ಅಲಮಾರಿ ಸರಿಸುವ ಮೊದಲೇ ಒಮ್ಮೆ ಆಸ್ಪತ್ರೆಯಲ್ಲಿ ಡಾಕ್ಟರು "ಮನೆಯಲ್ಲಿ ಎಲ್ಲಾದರೂ ಹಸಿ ಗೋಡೆ ಇದೆಯೇ" ಅಂತ ಕೇಳಿದಾಗ ನಾನು "ನಮ್ಮ ಮನೆ ಭಾಳ ಸ್ವಚ್ಛ ಅದರಿ" ಅಂತ ಸಿಡುಕಿದೆ. ಇವರು ಫ್ಯಾನ್ ನೋಡುತ್ತ ಕೂತರು.

ದೊಡ್ಡಾಯಿ ಕಷಾಯವನ್ನು ಬಚ್ಚಲಿಗೆ ಸುರಿದಳು. ದಸರಾ ಆದಮೇಲೆ ಸೊಸೆಯನ್ನು ತವರಿಗೆ ಬಿಟ್ಟು ಬರುವುದು, ಮಗನಿಗೆ ಬೇರೆ ಹೆಣ್ಣು ನೋಡುವುದು ಅಂತ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಹೇಳಿದಳು. ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳಂತೆ. ಕೈ ನಿಲ್ಲಿಸಲಿಲ್ಲವಂತೆ. ನಿಲ್ಲಿಸಿದ್ದರೆ ತನಗೆ ಕೇಳಿಸಿತು ಅಂತ ಅತ್ತೆಗೆ ಗೊತ್ತಾಗುತ್ತಿತ್ತು, ಅದು ಬೇಡವಾಗಿತ್ತು ಅನ್ನುತ್ತಿದ್ದಳು. ಆಮೇಲೆ ಒಂದು ದಿನ ಕೆಮ್ಮು ಬಂದಾಗ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಖೋಲಿಯಲ್ಲಿ ಕೂತಿದ್ದಳಂತೆ, ಕಣ್ಣಲ್ಲಿ ನೀರು ಬರುವ ತನಕ. ಕೆಮ್ಮದಿದ್ದರೆ ಇಟ್ಟುಕೊಳ್ಳುತ್ತಾರೇನೋ ಅಂತ. ಈ ಭಾಗವನ್ನು ಅವಳು ಒಂದೇ ಸಲ ಹೇಳಿದ್ದು. ಅದಕ್ಕೇ ಇದು ನಿಜ ಅಂತ ನಂಬಿದ್ದೇನೆ.

ಬಿಟ್ಟು ಬರುವ ಮೊದಲು ಆಟವನ್ನು ಹಿಡಿದು ಹಾಕಬೇಕಲ್ಲ, ಊರಿನವರಿಗೆ ಹೇಳಲು ಸಾಕ್ಷಿ ಬೇಕಲ್ಲ. ದೊಡ್ಡಾಯಿ ಸೊಸೆಯ ಹಾಸಿಗೆಯನ್ನು ಪಡಸಾಲೆಗೆ ಎಸೆದು, ತನ್ನ ಕೌದಿ ತಂದು ನಡುವಿನ ಖೋಲಿಯಲ್ಲಿ ಹಾಸಿದಳು. "ನಾ ಇಲ್ಲೇ ಮಲಗತೇನಿ. ನನಗ್ಯಾಕ ಕೆಮ್ಮ ಬರಂಗಿಲ್ಲ ನೋಡತೇನಿ."

ಪಡಸಾಲೆಯಲ್ಲಿ ಆಯಿಯ ಕೆಮ್ಮು ದಿನದಿಂದ ದಿನಕ್ಕೆ ಇಳಿಯಿತು. ಒಳಗೆ ದೊಡ್ಡಾಯಿಯ ಕೆಮ್ಮು ಏರಿತು.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಬುದ್ಧಿ ಬರುತ್ತಿತ್ತು. ದೊಡ್ಡಾಯಿಗೆ ಬಂದದ್ದು ಇನ್ನೂ ದೊಡ್ಡ ಅನುಮಾನ. ಸೊಸೆ ಆಟ ಆಡುತ್ತಿಲ್ಲ ಅಂದರೆ ಖೋಲಿಗೆ ಯಾರೋ ಏನೋ ಮಾಡಿಸಿದ್ದಾರೆ. ಆಚೆಯಿಂದ, ಸಂದಿಯಿಂದ, ಕಿಡಕಿಯ ಕಲ್ಲಿನ ಸಂದುಗಳಲ್ಲಿ ಏನೋ ಹೂಳಿದ್ದಾರೆ. ಮಾಟ. ಮಗನನ್ನು ಕರೆದು ಹಾರೆ ಕೈಗೆ ಕೊಟ್ಟಳು.

"ಕಿಡಕಿ ಒಡಿ. ಏನ ಹುಗದಾರ ನೋಡೂಣು."

ಹಾಗೆ ನಮ್ಮ ಮನೆಯ ಕಿಡಕಿ ತೆರೆಯಿತು. ಹಕೀಮರ ಮಾತಿಗಲ್ಲ, ನೆರೆಯವರ ಮೇಲಿನ ಪ್ರೀತಿಗಲ್ಲ. ಮಾಟ ಹುಡುಕಲು.

ಜೋಳದ ಚೀಲ ಸರಿಸಿದರು. ಗೋಡೆಗೆ ಆತುಕೊಂಡಿದ್ದ ಚೀಲಗಳ ಬೆನ್ನು ಕೊಳೆತು, ಕಾಳು ಗಂಟುಗಂಟಾಗಿ ಹಸಿರುಗಟ್ಟಿತ್ತು. ಒಂದು ಹಿಡಿ ಒಯ್ದು ಎಮ್ಮೆಯ ಮುಂದೆ ಹಾಕಿದರೆ ಎಮ್ಮೆ ಮೂಸಿ ಮುಖ ತಿರುಗಿಸಿತು. ಹಾರೆಯ ಏಟಿಗೆ ಸೆಗಣಿಯ ಪದರುಗಳು ಹಪ್ಪಳದ ಹಾಗೆ ಎದ್ದವು. ಒಳಗಿನ ಕೆಸರು ಇನ್ನೂ ಒಣಗಿರಲಿಲ್ಲ. ಕಲ್ಲು ಆಚೆ ಬಿದ್ದು ಗುಳುಂ ಅಂತ ಸದ್ದಾಯಿತು. ಸಂದಿಯಲ್ಲಿ ನೀರು ನಿಂತಿತ್ತು.

ಕಿಡಕಿ ಮುಚ್ಚಿದ ಮೇಲೆ ಆ ಸಂದಿಗೆ ಯಾರೂ ಇಳಿದಿರಲಿಲ್ಲ. ಎರಡೂ ಮನೆಯವರು ಬೂದಿ, ಒಡೆದ ಗಡಿಗೆ, ಕಸ ಎಲ್ಲವನ್ನೂ ಮಾಳಿಗೆಯ ಮೇಲಿಂದ ಅಲ್ಲಿಗೇ ಸುರಿದಿದ್ದರು. ಮಳೆ ನೀರು ಹರಿದು ಹೋಗುವ ಬಾಯಿ ಕಟ್ಟಿಕೊಂಡು ನೀರು ಎರಡೂ ಗೋಡೆಯನ್ನು ನೆನೆಸುತ್ತ ನಿಂತಿತ್ತು.

ಸದ್ದಿಗೆ ಎದುರಿನ ಹಲಗೆಯ ಹಿಂದಿನಿಂದ ಹೆಂಗಸಿನ ಧ್ವನಿ ಬಂತು. "ಕೌನ್ ಹೈ?" ಹಿಂದೆಯೇ ಒಂದು ಕೆಮ್ಮು.

ದೊಡ್ಡಾಯಿ ತಾನೂ ಕೆಮ್ಮಿ, "ನಾನಽ," ಅಂದಳು. "ನನ್ನ ಗ್ವಾಡಿಗಿ ಯಾಕ ನೀರ ಬಿಟ್ಟೀರಿ, ಜೈನಬಿ?"

"ಯಾ ಅಲ್ಲಾ, ನಾವ್ಯಾಕ ಬಿಡಬೇಕವ್ವಾ? ನೀವಽ ಬಿಡಾಕತ್ತೀರಿ ಅಂತ ನಾ ಕುಂತೀನಿ. ನಮ್ಮ ಗ್ವಾಡಿ ನೋಡಬರ್ರಿ, ಕರ್ರಗಾಗ್ಯಾದ. ಉಸರ ಆಡವಲ್ತು ನನಗ."

ದೊಡ್ಡಾಯಿ ಒಡೆದ ಕಂಡಿಗೆ ಮುಖ ಹಚ್ಚಿ, "ಹಲಗಿ ತೆಗದು ಮಾರಿ ತೋರಸು. ಖರೇ ಹೇಳಾಕತ್ತಿಯೋ ಇಲ್ಲೋ ನೋಡತೇನಿ," ಅಂದಳು.

ಆಚೆ ಕಡೆ ಹಲಗೆ ಕೀಳುವ ಸದ್ದಾಯಿತು. ಜೈನಬಿಯ ಮುಖ ಕಂಡಾಗ ದೊಡ್ಡಾಯಿ ಅಂದದ್ದು ಇಷ್ಟು: "ಭಾಳ ಸೊರಗಿದ್ಯಲ್ಲ."

ಅಜ್ಜನೂ ಜೈನಬಿಯ ಗಂಡನೂ ಸಂದಿಗೆ ಇಳಿದು ಕಸ ತೆಗೆದು ನೀರಿಗೆ ದಾರಿ ಮಾಡಿದರು. ಗೋಡೆಯ ಹಸಿ ಮಣ್ಣು, ಸೆಗಣಿ ಎಲ್ಲ ಹೆರೆದು ಹಾಕಿದರು. ಕೊಳೆತ ಜೋಳ ತಿಪ್ಪೆಗೆ ಹೋಯಿತು. ಕಿಡಕಿ ತೆರೆದಿಟ್ಟು ಚಳಿಗಾಲವೆಲ್ಲ ಗೋಡೆ ಆರಲು ಬಿಟ್ಟರು, ಪೂರ್ತಿ ಆರಿದ ಮೇಲೆ ಸುಣ್ಣ ಬಳಿದರು. ಈ ನಡುವೆ ದಸರಾ ಬಂದು ಹೋಗಿತ್ತು. ಆಯಿಯನ್ನು ತವರಿಗೆ ಬಿಟ್ಟು ಬರುವ ಮಾತನ್ನು ಯಾರೂ ಆಡಲಿಲ್ಲ. ದೊಡ್ಡಾಯಿ ತಪ್ಪಾಯಿತು ಅನ್ನಲಿಲ್ಲ. ಮಾಟ ಇದ್ದದ್ದು ನಿಜ, ಹವಾಕ್ಕೆ ಹಾರಿಹೋಯಿತು ಅಂತ ಕೊನೆತನಕ ಸಾಧಿಸಿದಳು. ಆದರೆ ಸೊಸೆಯ ಹಾಸಿಗೆಯನ್ನು ತಾನೇ ಪಡಸಾಲೆಯಿಂದ ಎತ್ತಿ ತಂದು ಆ ಕಿಡಕಿಯ ಮುಂದೆ ಹಾಸಿದಳು. ಕಿಡಕಿಗೆ ಕಬ್ಬಿಣದ ಸರಳು ಹಾಕಿಸಿದಳು. ನಂಬಿಕೆ ಬೇರೆ, ಸರಳು ಬೇರೆ.

ಆಯಿಯ ಎದೆ ಪೂರ್ತಿ ಮೊದಲಿನಂತಾಗಲಿಲ್ಲ. ಮಳೆಗಾಲದಲ್ಲಿ ಬೆಕ್ಕಿನ ಮರಿ ಒಮ್ಮೊಮ್ಮೆ ಕೂಗುತ್ತಿತ್ತು. ಗೋಡೆ ಮೂಸುವ ಹುಚ್ಚು ಅಲ್ಲಿಂದ ಹತ್ತಿದ್ದು.

ಈಗ ನನ್ನ ಗೋಡೆಗೆ ಬರೋಣ. ಡಾಕ್ಟರ ಬಳಿ ಮತ್ತೆ ಹೋದೆವು, ಈ ಸಲ ನಾನು ಬಾಯಿ ಮುಚ್ಚಿಕೊಂಡು ಗೋಡೆಯ ಫೋಟೋ ತೋರಿಸಿದೆ. ಬೂಸರದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಹಾರುತ್ತದಂತೆ. ಅದು ಎಲ್ಲರಿಗೂ ತಾಗುವುದಿಲ್ಲ. ಒಂದೇ ಖೋಲಿಯಲ್ಲಿ ಮಲಗಿದರೂ ನನಗೆ ಏನೂ ಆಗದೆ ಇವರಿಗೆ ಆಗಿದ್ದು ಅದಕ್ಕೆ. ದಮ್ಮು, ಅಲರ್ಜಿ ಇರುವವರಿಗೆ, ಸಣ್ಣ ಮಕ್ಕಳಿಗೆ, ವಯಸ್ಸಾದವರಿಗೆ ಹೆಚ್ಚು ಕಾಡುತ್ತದಂತೆ. ಹಾಗಾಗಿ "ನನಗಿಲ್ಲದ್ದು ನಿನಗ್ಯಾಕ" ಅನ್ನುವ ಮಾತನ್ನು ನಾನು ಬಿಟ್ಟಿದ್ದೇನೆ, ನೀವೂ ಬಿಡಿ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಅದನ್ನು ನಿಲ್ಲಿಸದೆ ಏನು ತಿಕ್ಕಿದರೂ ಮತ್ತೆ ಬರುತ್ತದೆ. ನಮ್ಮದು ಬಚ್ಚಲಿನ ಪೈಪು ಗೋಡೆಯೊಳಗೆ ಜಿನುಗುತ್ತಿತ್ತು, ಸರಿಮಾಡಿಸಿದೆವು. ಇವರನ್ನು ಕುಸನೂರಿಗೆ ಕಳಿಸಿ, ಖೋಲಿಯ ಬಾಗಿಲು ಹಾಕಿಕೊಂಡು, ಒಳ್ಳೆಯ ಮಾಸ್ಕ್, ಕೈಗವಸು ಹಾಕಿ, ಸಾಬೂನು ನೀರಲ್ಲಿ ಗೋಡೆ ತಿಕ್ಕಿ ಒರೆಸಿ ಫ್ಯಾನ್ ಹಚ್ಚಿ ಒಣಗಿಸಿದೆ. ಒಣಗಿದ್ದಾಗ ಬ್ರಷ್ ಹಾಕಿ ಕೆರೆಯಬೇಡಿ, ಧೂಳೆಲ್ಲ ಎದ್ದು ಮೂಗಿಗೇ ಬರುತ್ತದೆ. ಬ್ಲೀಚಿಂಗ್ ಜೊತೆ ಪಾಯಖಾನೆ ತೊಳೆಯುವ ಆಸಿಡ್ ಬೆರೆಸಿದರೆ ಜೋರಾಗುತ್ತದೆ ಅನ್ನುವ ಜಾಣರು ನನ್ನ ಓಣಿಯಲ್ಲೂ ಇದ್ದಾರೆ. ಅದರಿಂದ ಏಳುವ ಹೊಗೆ ಜೀವಕ್ಕೇ ಅಪಾಯ, ಆ ಕಡೆ ಹೋಗಲೇಬೇಡಿ. ಗೋಡೆ ತುಂಬ ಹಬ್ಬಿದ್ದರೆ ತಿಳಿದವರನ್ನು ಕರೆಸಿ. ಬೂಸರ ಹಿಡಿದ ಗಾದಿಯನ್ನು ನಾನು ಎರಡು ಮನಸ್ಸಿನಿಂದ ಎಸೆದೆ, ಆದರೆ ಎಸೆದೆ.

ಕೊನೆಗೆ ಕಿಡಕಿ. ಚಿಲಕ ತುಕ್ಕು ಹಿಡಿದಿತ್ತು. ಸುತ್ತಿಗೆಯಿಂದ ಎರಡು ಏಟು ಹಾಕಿ ದೂಡಿದೆ. ಬಿಸಿಲು ಒಳಗೆ ಬಿತ್ತು. ಎದುರಿಗೆ ಅಡುಗೆಮನೆಯ ಕಿಡಕಿಯಲ್ಲಿ ಆ ಹೆಂಗಸು ಕೈಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಒಬ್ಬರನ್ನೊಬ್ಬರು ನೋಡಿದೆವು. ನಾನು ಸುತ್ತಿಗೆ ಕೆಳಗಿಡುವ ಮೊದಲೇ ಅವಳು ಕೇಳಿದಳು:

"ನಿಮ್ಮ ಮನಿಯವರ ಕೆಮ್ಮ ಕಡಿಮಿ ಆಗ್ಯಾದೇನ್ರಿ ಅಕ್ಕಾ? ನಿನ್ನಿಯಿಂದ ಕೇಳಿಸವಲ್ತು, ನನಗ ಜೀವ ಹೊಯ್ದಾಡಾಕತ್ತಿತ್ತು."

ನೋಡಿ, ನನ್ನ ಅನುಮಾನ ಸುಳ್ಳಲ್ಲ. ಅವಳು ಕೇಳುತ್ತಲೇ ಇದ್ದಳು. ಅಲಮಾರಿಯ ಹಿಂದಿನಿಂದಲೂ ಕೇಳುತ್ತಿದ್ದಳು. ನಾನು ಆಟ ಅಂತ ಕಿವಿ ಮುಚ್ಚಿಕೊಂಡ ಕೆಮ್ಮನ್ನು ಅವಳು ಗೋಡೆಯಾಚೆ ನಿಂತು ಎಣಿಸುತ್ತಿದ್ದಳು.

"ಕುಸನೂರಿಗಿ ಹೋಗ್ಯಾರವ್ವ. ನಾಡಿದ್ದ ಬರತಾರ," ಅಂದೆ. "ಇನ್ನ ಈ ಕಿಡಕಿ ತೆರದಽ ಇರತದ. ನಮ್ಮ ಜಗಳ ಇನ್ನ ಸ್ವಚ್ಛ ಕೇಳತದ ನಿನಗ."

ಅವಳು ನಕ್ಕಳು. ಪರದೆ ತರಲು ಮಾತ್ರ ನಾನು ಮರೆಯಲಿಲ್ಲ. ದೊಡ್ಡಾಯಿಯ ಮರಿಮಗಳು ನಾನು.

ಹೋಗಿ, ನಿಮ್ಮ ಅಲಮಾರಿ ಸರಿಸಿ ಗೋಡೆಗೆ ಅಂಗೈ ಹಚ್ಚಿ ನೋಡಿ. ಏನು ಕಂಡಿತು, ನಿಮ್ಮ ಮನೆಯಲ್ಲಿ ಯಾರ ಕೆಮ್ಮನ್ನು ಯಾರು ಆಟ ಅಂದಿದ್ದರು, ಯಾವ ಕಿಡಕಿಯನ್ನು ಯಾರಿಗೆ ಅಂಜಿ ಮುಚ್ಚಿದ್ದೀರಿ, ಕೆಳಗೆ ಬರೀರಿ. ಸ್ವಲ್ಪ ಸುಳ್ಳು ಸೇರಿಸಿದರೂ ನಡೆಯುತ್ತದೆ. ನಾನು ಹೇಗೂ ಪೂರ್ತಿ ನಂಬುವವಳಲ್ಲ, ಆದರೆ ಪ್ರತಿಯೊಂದನ್ನೂ ಓದುತ್ತೇನೆ.